ಅನ್ನನಾಳದ ಕ್ಯಾನ್ಸರ್: ನುಂಗಲಾಗದವರಿಗೆ ದಾರಿ ತೆರೆಯಬಹುದು

ಮೊದಲು ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ. ನೀರು ಕುಡಿದರೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಮಾಂಸದ ತುಂಡು ಬೇಡ, ಅನ್ನವನ್ನು ಚೆನ್ನಾಗಿ ಹಿಸುಕಿ ಕೊಡಿ ಎನ್ನುತ್ತಾರೆ. ಮತ್ತೆ ಬರೀ ಗಂಜಿ, ಆಮೇಲೆ ಗಂಜಿಯ ತಿಳಿ. ಕೊನೆಗೆ ಬಾಯಲ್ಲಿ ಊರುವ ಜೊಲ್ಲನ್ನೂ ನುಂಗಲಾಗದೆ ಹಾಸಿಗೆಯ ಪಕ್ಕದಲ್ಲೊಂದು ಪಾತ್ರೆಯಿಟ್ಟು ಉಗುಳುತ್ತಾ ಕೂರುತ್ತಾರೆ. ಹಜ್‌ನಿಂದ ಬಂದವರು ಕೊಟ್ಟ ಝಮ್‌ಝಮ್ ನೀರನ್ನು ಮಕ್ಕಳು ಚಮಚದಲ್ಲಿ ಬಾಯಿಗೆ ಹಾಕಿದರೆ ಅದೂ ಹೊರಗೆ ಬರುತ್ತದೆ. ಅನ್ನನಾಳದ ಕ್ಯಾನ್ಸರ್ ಬಂದ ಮನೆಯವರಿಗೆ ಇದೆಲ್ಲ ಗೊತ್ತು.

ಅನ್ನನಾಳ ಹಿಗ್ಗುವ ಗುಣವುಳ್ಳ ಕೊಳವೆ. ಆದ್ದರಿಂದ ಅದು ಸಾಕಷ್ಟು ಕಿರಿದಾಗುವ ತನಕ ತೊಂದರೆ ತಿಳಿಯುವುದಿಲ್ಲ. ತಿಳಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯ ಹಂತ ದಾಟಿರುತ್ತದೆ. "ಇದು ಪೂರ್ತಿ ಗುಣವಾಗುವುದಿಲ್ಲ" ಎಂದು ವೈದ್ಯರು ಹೇಳಿದ್ದನ್ನು ಮನೆಯವರು "ಇನ್ನು ಮಾಡುವುದೇನೂ ಇಲ್ಲ" ಎಂದು ಅರ್ಥ ಮಾಡಿಕೊಳ್ಳುತ್ತಾರೆ. ರೋಗಿಯನ್ನು ಮನೆಗೆ ಕರೆತಂದು, ದಿನಕ್ಕೊಂದು ಗ್ಲೂಕೋಸ್ ಬಾಟಲಿ ಹಾಕಿಸಿ, ದುಆ ಮಾಡುತ್ತಾ ಕೂರುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಗಡ್ಡೆಯನ್ನು ತೆಗೆಯಲು ಆಗದಿರಬಹುದು, ಆದರೆ ಮುಚ್ಚಿದ ದಾರಿಯನ್ನು ತೆರೆಯಲು ಹೆಚ್ಚಿನವರಲ್ಲಿ ಸಾಧ್ಯವಿದೆ. ಹಸಿವು ಮತ್ತು ಬಾಯಾರಿಕೆಯಿಂದ ನರಳುವುದು ರೋಗಿಯ ಹಣೆಬರಹವೆಂದು ನೀವೇ ತೀರ್ಮಾನಿಸಬೇಡಿ.

ಸ್ಟೆಂಟ್ ಎಂದೊಡನೆ ನಮಗೆ ಹೃದಯ ನೆನಪಾಗುತ್ತದೆ. "ಅವರಿಗೆ ಹಾರ್ಟ್ ಸರಿಯಾಗಿದೆಯಲ್ಲ?" ಎಂದು ಕೇಳುವವರೂ ಇದ್ದಾರೆ. ಅನ್ನನಾಳಕ್ಕೆ ಹಾಕುವ ಸ್ಟೆಂಟ್ ಬೇರೆಯೇ. ನಿಟಿನಾಲ್ ಎಂಬ ಲೋಹದ ತಂತಿಯಿಂದ ಹೆಣೆದ ಜಾಲರಿಯ ಕೊಳವೆ ಅದು. ಗಡ್ಡೆ ಒಳಕ್ಕೆ ಬೆಳೆಯದಂತೆ ತಡೆಯಲು ಅದಕ್ಕೆ ತೆಳುವಾದ ಹೊದಿಕೆಯೂ ಇರುತ್ತದೆ. ಮಡಚಿದ ಕೊಡೆಯಂತೆ ಸಣ್ಣದಾಗಿ ಒಳಗೆ ಹೋಗಿ ಗಡ್ಡೆಯಿರುವಲ್ಲಿ ಬಿಚ್ಚಿಕೊಳ್ಳುತ್ತದೆ. ರೋಗಿಗೆ ಮಂಪರು ಬರುವ ಔಷಧ ಕೊಟ್ಟು ಎಂಡೋಸ್ಕೋಪಿ ಮೂಲಕ ಬಾಯಿಯಿಂದಲೇ ಇಳಿಸುತ್ತಾರೆ. ಕತ್ತರಿಸುವುದು, ಹೊಲಿಯುವುದು ಏನೂ ಇಲ್ಲ. ಒಂದೆರಡು ದಿನಗಳಲ್ಲಿ ಅದು ಪೂರ್ತಿ ಹಿಗ್ಗುತ್ತದೆ, ನೀರು, ಗಂಜಿ, ಮೆತ್ತಗಿನ ಅನ್ನ ಇಳಿಯತೊಡಗುತ್ತದೆ. ಕೆಲವರಲ್ಲಿ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತಾಗಿ, ನೀರು ಕುಡಿದೊಡನೆ ಕೆಮ್ಮು ಬರುತ್ತದೆ. ಆ ತೂತನ್ನು ಮುಚ್ಚಲೂ ಹೊದಿಕೆಯಿರುವ ಸ್ಟೆಂಟ್ ನೆರವಾಗುತ್ತದೆ.

ಹಿಂದೆ ಇದಕ್ಕಾಗಿ ಗಡುಸಾದ ಪ್ಲಾಸ್ಟಿಕ್ ಕೊಳವೆಗಳಿದ್ದವು. ಅವನ್ನು ತೂರಿಸುವಾಗ ಅನ್ನನಾಳ ಹರಿಯುವ ಭಯವಿತ್ತು. 1993ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡನ್ನೂ ಹೋಲಿಸಿ, ಲೋಹದ ಸ್ಟೆಂಟ್‌ನಲ್ಲಿ ತೊಡಕುಗಳು ಬಹಳ ಕಡಿಮೆ ಎಂದು ತೋರಿಸಿತು. ಆಮೇಲೆ ಲೋಹದ್ದೇ ರೂಢಿಯಾಯಿತು.

ಹಾಗೆಂದು ಎಲ್ಲರಿಗೂ ಸ್ಟೆಂಟ್ ಹಾಕಿಸಿ ಎಂದು ನಾನು ಹೇಳುತ್ತಿಲ್ಲ. 2004ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು 209 ರೋಗಿಗಳಲ್ಲಿ ಸ್ಟೆಂಟನ್ನು ಬ್ರ್ಯಾಕಿಥೆರಪಿಯ ಜೊತೆ ಹೋಲಿಸಿದರು. ಬ್ರ್ಯಾಕಿಥೆರಪಿ ಎಂದರೆ ಅನ್ನನಾಳದ ಒಳಗಿನಿಂದಲೇ ಗಡ್ಡೆಗೆ ವಿಕಿರಣ ಕೊಡುವುದು. ಬೇಗ ಆರಾಮ ಕೊಟ್ಟದ್ದು ಸ್ಟೆಂಟ್. ಹೆಚ್ಚು ಕಾಲ ಬಾಳಿದ ಆರಾಮ ಬ್ರ್ಯಾಕಿಥೆರಪಿಯದ್ದು, ತೊಡಕುಗಳೂ ಅದರಲ್ಲೇ ಕಡಿಮೆ. ಆದ್ದರಿಂದ ರೋಗಿಗೆ ಇನ್ನೂ ಹಲವು ತಿಂಗಳ ಶಕ್ತಿ ಇದೆ ಎಂದಾದರೆ, ವಿಕಿರಣ ಸಾಧ್ಯವೇ ಎಂದು ಮೊದಲು ವಿಚಾರಿಸಿ. ನೀರೂ ಇಳಿಯದ, ಕಾಯುವಷ್ಟು ಸಮಯವಿಲ್ಲದ ರೋಗಿಗೆ ನಾನು ಸ್ಟೆಂಟ್ ಪರ. ಎರಡರಿಂದಲೂ ಕ್ಯಾನ್ಸರ್ ಗುಣವಾಗುವುದಿಲ್ಲ. ಈ ಮಾತನ್ನು ಮನೆಯ ಎಲ್ಲರೂ ಮೊದಲೇ ಒಪ್ಪಿಕೊಂಡರೆ, ಆಮೇಲೆ "ಇಷ್ಟು ಖರ್ಚು ಮಾಡಿದರೂ ವಾಸಿಯಾಗಲಿಲ್ಲ" ಎಂಬ ಜಗಳ ಇರುವುದಿಲ್ಲ.

ರೋಗಿಯನ್ನೇ ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಅಣ್ಣತಮ್ಮಂದಿರು, ಅಳಿಯಂದಿರು ಆಸ್ಪತ್ರೆಯ ವರಾಂಡದಲ್ಲಿ ನಿಂತು ತೀರ್ಮಾನಿಸುತ್ತಾರೆ. ಒಳಗೆ ಮಲಗಿರುವ ಅಬ್ಬನಿಗೆ "ಗಂಟಲಲ್ಲಿ ಸಣ್ಣ ಹುಣ್ಣು" ಎಂದಷ್ಟೇ ಹೇಳಿರುತ್ತಾರೆ. ಕೊಳವೆ ಹೋಗುವುದು ಅವರ ದೇಹದೊಳಗೆ. ಅವರಿಗೆ ಏನು ಬೇಕು ಎಂದು ಕೇಳಿ.

ಅಡುಗೆಮನೆಯವರಿಗೂ ಒಂದು ಮಾತು. ಸ್ಟೆಂಟ್ ಹಾಕಿದ ಮೇಲೆ ಅನ್ನನಾಳದ ಆ ಭಾಗ ಆಹಾರವನ್ನು ಕೆಳಕ್ಕೆ ದೂಡುವುದಿಲ್ಲ, ಆಹಾರ ತನ್ನ ಭಾರದಿಂದಲೇ ಇಳಿಯಬೇಕು. ಆದ್ದರಿಂದ ನೆಟ್ಟಗೆ ಕೂತು, ಸಣ್ಣ ತುತ್ತು, ನಿಧಾನವಾಗಿ ಅಗಿದು ತಿನ್ನಬೇಕು. ನಡುನಡುವೆ ಬೆಚ್ಚಗಿನ ನೀರು ಕುಡಿಯಬೇಕು. ಗಂಜಿ, ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಅರೆದ ಬೇಳೆ ಆಗಬಹುದು. ಗಟ್ಟಿ ರೊಟ್ಟಿ, ನಾರಿನ ತರಕಾರಿ, ಹಣ್ಣಿನ ಸಿಪ್ಪೆ, ಮಾಂಸದ ತುಂಡು ಬೇಡ. ಬಕ್ರೀದ್‌ನ ದಿನ ಪ್ರೀತಿಯಿಂದ ಒಂದು ತುಂಡು ಮಾಂಸ ಬಾಯಿಗಿಟ್ಟು, ಅದು ಸ್ಟೆಂಟ್‌ನಲ್ಲಿ ಸಿಕ್ಕಿಕೊಂಡು ರಾತ್ರೋರಾತ್ರಿ ಎಂಡೋಸ್ಕೋಪಿಗೆ ಓಡುವಂತಾಗಬಾರದು. ಆಸೆಪಟ್ಟರೆ ಸೂಪು ಮಾಡಿ ಸೋಸಿ ಕೊಡಿ. ಸ್ಟೆಂಟ್ ಅನ್ನನಾಳದ ಕೆಳತುದಿಯನ್ನು ದಾಟಿ ಜಠರದವರೆಗೆ ಹೋಗಿದ್ದರೆ ಹುಳಿ ಮೇಲಕ್ಕೆ ಬರುತ್ತದೆ. ತಲೆಯ ಕಡೆ ಮಂಚವನ್ನು ಎತ್ತರಿಸಿ, ಊಟವಾದ ಕೂಡಲೇ ಮಲಗಿಸಬೇಡಿ.

ಖರ್ಚಿನ ಬಗ್ಗೆ ಹೆದರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಿಗುವ ನೆರವಿನ ಕುರಿತು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ವಿಚಾರಿಸಲಿ. ರೋಗಿ ಹಾಸಿಗೆ ಹಿಡಿಯುವ ತನಕ, ಜೊಲ್ಲೂ ಇಳಿಯದಿರುವ ತನಕ ಕಾಯಬೇಡಿ.

ಹಾಕಿದ ಮೊದಲ ಕೆಲವು ದಿನ ಎದೆ ನೋಯುವುದು ಸಾಮಾನ್ಯ, ಅದಕ್ಕೆ ನೋವಿನ ಔಷಧ ಕೊಡುತ್ತಾರೆ. ನೋವು ತಡೆಯಲಾರದಷ್ಟಾದರೆ, ಜ್ವರ ಬಂದರೆ, ರಕ್ತ ವಾಂತಿಯಾದರೆ, ಮಲ ಕಪ್ಪಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಳಿಯುತ್ತಿದ್ದ ಗಂಜಿ ಮತ್ತೆ ನಿಂತರೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿ. ಆಹಾರ ಸಿಕ್ಕಿಕೊಂಡಿರಬಹುದು, ಸ್ಟೆಂಟ್ ಜಾರಿರಬಹುದು, ಗಡ್ಡೆ ಅದರ ತುದಿಯನ್ನು ಮೀರಿ ಬೆಳೆದಿರಬಹುದು. ಸಿಕ್ಕಿಕೊಂಡದ್ದನ್ನು ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಬೇಕಾದರೆ ಹಳೆಯದರ ಒಳಗೇ ಇನ್ನೊಂದು ಸ್ಟೆಂಟ್ ಹಾಕುತ್ತಾರೆ.