ಸವೆದ ಇಂಪೆಲ್ಲರೂ ಕನ್ನಡದ ಪಾಠವೂ

ತಾಳವಾಡಿಯ ಬೆಟ್ಟದಲ್ಲಿ ಕಡಲಿಲ್ಲ, ದೋಣಿಯೂ ಇಲ್ಲ. ಆದರೂ ಕಾಸರಗೋಡು ತೀರದ ಮೀನುಗಾರರನ್ನೂ ನಮ್ಮೂರಿನ ರೈತರನ್ನೂ ಕಾಡುವ ವಸ್ತು ಒಂದೇ ಜಾತಿಯದು. ದೋಣಿಯ ಔಟ್‌ಬೋರ್ಡ್ ಎಂಜಿನಿಗೆ ತಂಪು ನೀರು ಹಾಯಿಸುವ ರಬ್ಬರಿನ ಇಂಪೆಲ್ಲರ್ ಅಲ್ಲಿ. ಕೊಳವೆ ಬಾವಿಯಿಂದ ನೀರೆತ್ತುವ ಇಂಪೆಲ್ಲರ್ ಇಲ್ಲಿ. ಅದು ಹರಿದರೆ ಎಂಜಿನು ಕಾದು ಕೆಡುತ್ತದೆ. ಇದು ಸವೆದರೆ ಬಾಳೆ, ಎಲೆಕೋಸು ಒಣಗುತ್ತವೆ.

ಸಬ್‌ಮರ್ಸಿಬಲ್ ಪಂಪಿನಲ್ಲಿ ಒಂದೇ ದಂಡದ ಮೇಲೆ ಹಲವು ಇಂಪೆಲ್ಲರುಗಳಿರುತ್ತವೆ. ಕೆಳಗಿನದು ಎಸೆದ ನೀರನ್ನು ಮೇಲಿನದು ಹಿಡಿದು, ಇನ್ನಷ್ಟು ಒತ್ತಡ ಕೊಟ್ಟು ದಾಟಿಸುತ್ತದೆ. ಬೋರಿನ ಮರಳು ಅವುಗಳ ಅಂಚನ್ನು ಉಜ್ಜಿ ಸವೆಸುತ್ತದೆ. ಮೋಟಾರು ಎಂದಿನಂತೆ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಕುಗ್ಗುತ್ತದೆ. ತಮಿಳುನಾಡಿನಲ್ಲಿ ಕೃಷಿ ಪಂಪಿಗೆ ವಿದ್ಯುತ್ ಉಚಿತವಾದ್ದರಿಂದ ಬಿಲ್ಲು ಬಂದು ಎಚ್ಚರಿಸುವುದೂ ಇಲ್ಲ.

ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ನೀರು ಕಡಿಮೆಯಾಯಿತೆಂದು ಮೋಟಾರು ಎತ್ತಿಸಿದರು. ರಿಪೇರಿಯವನು ಪಂಪೇ ಹೋಯಿತೆಂದ. ಸಾಲ ಮಾಡಿ ಹೊಸದನ್ನು ಇಳಿಸಿದರು. ಹಳೆಯದನ್ನು ಆಮೇಲೆ ಅಂಗಳದಲ್ಲಿ ಬಿಚ್ಚಿ ನೋಡಿದಾಗ ಸವೆದಿದ್ದುದು ಇಂಪೆಲ್ಲರುಗಳೂ ಬುಷ್ಷುಗಳೂ ಮಾತ್ರ. ಪಂಪಿನೊಡನೆ ಬಂದ ಪುಸ್ತಿಕೆ ತಮಿಳು, ಇಂಗ್ಲಿಷಿನಲ್ಲಿತ್ತು. ತಂದೆಗೆ ಓದಲು ಬಾರದು. ಮಗನೋ, ದ್ರವದ ಒತ್ತಡದ ಪ್ರಶ್ನೆಗೆ ಕನ್ನಡದಲ್ಲಿ ಚೆನ್ನಾಗಿ ಉತ್ತರ ಬರೆದವನು. ಆ ಪಾಠಕ್ಕೂ ತನ್ನ ಬೋರಿಗೂ ನಂಟುಂಟೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವೇ.

ಹೇಳಬೇಕಾದುದು ಬಹಳವೇನಿಲ್ಲ. 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ತಿಂಗಳಿಗೊಮ್ಮೆ ಬರೆದಿಡಬೇಕು. ಹೊತ್ತು ಹೆಚ್ಚಿದರೆ ಮೊದಲು ಬೋರಿನ ನೀರಿನ ಮಟ್ಟ, ಪೈಪಿನ ಸೋರಿಕೆ, ವೋಲ್ಟೇಜು ನೋಡಬೇಕು. 3 ಫೇಸಿನಲ್ಲಿ ಎರಡು ತಂತಿ ಅದಲುಬದಲಾದರೂ ಮೋಟಾರು ಉಲ್ಟಾ ತಿರುಗಿ ನೀರು ಕುಗ್ಗುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಮೇಲಿನಿಂದಲೇ ಸರಿಪಡಿಸಬಲ್ಲ. ಇವೆಲ್ಲ ಸರಿಯಿದ್ದರೆ ಮಾತ್ರ ಮೋಟಾರು ಎತ್ತಬೇಕು. ಬಿಚ್ಚಿದ ಭಾಗಗಳನ್ನು ತೆಗೆದ ಕ್ರಮದಲ್ಲೇ ಚೀಲದ ಮೇಲೆ ಸಾಲಾಗಿಡಬೇಕು. ಅದೇ ಮಾದರಿಯ ಇಂಪೆಲ್ಲರುಗಳನ್ನು ಬುಷ್ಷುಗಳ ಸಮೇತ ಹಾಕಬೇಕು. ಕೂಡಿಸಿದ ಮೇಲೆ ದಂಡ ಕೈಯಲ್ಲಿ ಸಲೀಸಾಗಿ ತಿರುಗಬೇಕು. ನೀರಿಲ್ಲದೆ ಓಡಿಸಿ ನೋಡಲೇಬಾರದು.

ಈ ಕೊನೆಯ ಮಾತು ದೋಣಿಯವರಿಗೂ ಸಲ್ಲುತ್ತದೆ. ರಬ್ಬರಿನ ಇಂಪೆಲ್ಲರ್ ಒಣಗಿ ತಿರುಗಿದರೆ ಬಹುಬೇಗ ಹಾಳಾಗುತ್ತದೆ. ಹೊಸದು ಹಾಕುವ ಮುನ್ನ ಹರಿದ ಚೂರುಗಳನ್ನೆಲ್ಲ ಹುಡುಕಿ ತೆಗೆಯಬೇಕು. ಉಳಿದ ಚೂರು ನೀರಿನ ದಾರಿಯನ್ನು ಕಟ್ಟುತ್ತದೆ.

1956ರಲ್ಲಿ ನೀವು ಕೇರಳಕ್ಕೆ ಸೇರಿದಿರಿ, ನಾವು ಮದರಾಸಿನಲ್ಲೇ ಉಳಿದೆವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350 ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ಆ ಹಕ್ಕಿಗಾಗಿ ಮನವಿ ಕೊಡುತ್ತಲೇ ಇರೋಣ. ಆದರೆ ಶಾಲೆಯ ಕನ್ನಡ ಮನೆಯ ಮೋಟಾರಿನ ಬಳಿ ಬಾಯಿ ಬಿಡದಿದ್ದರೆ, ಕನ್ನಡ ಕಲಿತು ಏನು ಬಂತೆಂದು ಹೆತ್ತವರು ಕೇಳುವುದರಲ್ಲಿ ತಪ್ಪೇನಿದೆ? ಹಾಗೆ ಕೇಳಿದವರೇ ಮರುವರ್ಷ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ.

ಕನ್ನಡ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಊರಿನ ಮೆಕ್ಯಾನಿಕನನ್ನು ಕರೆಸಿ, ಹಳೆಯ ಪಂಪೊಂದನ್ನು ಮಕ್ಕಳ ಮುಂದೆ ಬಿಚ್ಚಿಸಲಿ. ಅವನು ತಮಿಳಿನಲ್ಲೋ ಮಲಯಾಳದಲ್ಲೋ ಹೇಳಲಿ, ಅಡ್ಡಿಯಿಲ್ಲ; ಮಕ್ಕಳು ಅದನ್ನು ಕನ್ನಡದಲ್ಲಿ ಬರೆದು ಮನೆಯ ಸ್ಟಾರ್ಟರಿನ ಪಕ್ಕದ ಗೋಡೆಗೆ ಅಂಟಿಸಲಿ. ಇದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ; ಗುಜರಿಗೆ ಹೋಗಲಿರುವ ಒಂದು ಪಂಪು, ಒಂದೆರಡು ಸ್ಪಾನರು ಸಾಕು. ಅಧ್ಯಾಪಕ ಬಂಧುಗಳು ಮನಸ್ಸು ಮಾಡುವರೇ?