ಬ್ರೇಕ್ ಡಿಸ್ಕ್: ಹೆರೆಸುವ ಮುನ್ನ ಅಳೆಯಿಸಿ

ಹೊರೆ ಹೇರಿಕೊಂಡು ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವ ಪಿಕಪ್ಪಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಅದುರಿದರೆ ಅಲಕ್ಷಿಸತಕ್ಕದ್ದಲ್ಲ. ಮುಂದಿನ ಚಕ್ರದ ಡಿಸ್ಕ್ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು ವ್ಯತ್ಯಾಸವಿದ್ದರೂ ಕಾಲಿಗೆ ತಿಳಿಯುತ್ತದೆ.

ಡಿಸ್ಕನ್ನು ಬಿಚ್ಚಿ ಲೇತಿಗೆ ಕೊಟ್ಟು ಹೆರೆಸಿದರೆ ಮುಖ ಸಮವಾಗುತ್ತದೆ, ನಿಜ. ಆದರೆ ಚಕ್ರದ ಹಬ್‌ನಲ್ಲೇ ಓರೆಯಿದ್ದರೆ ಮರಳಿ ಜೋಡಿಸಿದ ಡಿಸ್ಕ್ ಓಲಾಡುತ್ತದೆ. ಕ್ರಮೇಣ ಅದುರು ಮತ್ತೆ ಬರುತ್ತದೆ. ವಾಹನಕ್ಕೇ ಕಟ್ಟುವ ಲೇತಿನಲ್ಲಿ ಡಿಸ್ಕ್ ತನ್ನ ಹಬ್‌ನ ಮೇಲೆಯೇ ತಿರುಗುತ್ತ ಹೆರೆಯಲ್ಪಡುವುದರಿಂದ ಈ ದೋಷ ಸರಿಹೋಗುತ್ತದೆ. ಅಷ್ಟರಮಟ್ಟಿಗೆ ಈ ವಿಧಾನವನ್ನು ನಾವು ಒಪ್ಪುತ್ತೇವೆ.

ಆದರೆ ಖರ್ಚು ಉಳಿಯಿತೆಂದು ಮತ್ತೆ ಮತ್ತೆ ಹೆರೆಸುವುದನ್ನು ಒಪ್ಪಲಾರೆವು. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ. ಕಾದ ಬ್ರೇಕ್ ಸೋಲುವುದು ಇಳಿಜಾರಿನ ನಡುವೆಯೇ. ಇರಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಹೆರೆದ ಮೇಲೂ ಅದಕ್ಕಿಂತ ಹೆಚ್ಚು ಉಳಿಯುವುದೇ ಎಂದು ಮೈಕ್ರೋಮೀಟರಿನಲ್ಲಿ ಅಳೆದು ತೋರಿಸುವಂತೆ ಸದಸ್ಯರು ಮೆಕ್ಯಾನಿಕ್‌ನನ್ನು ಕೇಳಬೇಕು. ಉಳಿಯದಿದ್ದರೆ ಎರಡೂ ಬದಿಗೆ ಹೊಸ ಡಿಸ್ಕ್ ಹಾಕಿಸುವುದೇ ಸರಿ. ಬೆಳೆ ಹೋದರೆ ಮುಂದಿನ ವರ್ಷ ಬಂದೀತು. ಚಾಲಕನ ಜೀವ ಬಾರದು.