ಮನಸ್ಸಿನ ಕಾಯಿಲೆಗೆ ಗುಂಪು ಸಾಕೇ?

ಕಳೆದ ತಿಂಗಳು ನಮ್ಮ ರೈತ ಸಂಘದ ಸಭೆಯಲ್ಲಿ ಒಂದು ಮಾತು ಬಂತು. ಸಾಲ, ಬರ ಅಂತ ಮನಸ್ಸು ಕುಗ್ಗಿದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದರೆ ಸಾಕು, ಒಬ್ಬೊಬ್ಬರೇ ಆಸ್ಪತ್ರೆಗೆ ಯಾಕೆ ಅಲೀಬೇಕು ಅಂತ. ನಾನು ಎರಡನ್ನೂ ಕಂಡವನು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ಕಡೆ 5 ಎಕರೆ ಖುಷ್ಕಿ. 2018ರ ಬರದಲ್ಲಿ ಶೇಂಗಾ ಬಿತ್ತಿದ ಬೀಜದ ದುಡ್ಡೂ ಹುಟ್ಟಲಿಲ್ಲ. ಕೊರೆಸಿದ ಬೋರು ಬರೀ ಧೂಳು ಉಗುಳಿತು. ಆಮೇಲೆ ನಿದ್ದೆ ಹೋಯಿತು. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಎದೆ ಡವಡವ. ಮನೆ ಮುಂದೆ ಬೈಕ್ ನಿಂತರೆ ಸಾಲ ಕೊಟ್ಟೋರು ಬಂದರು ಅಂತ ಹಿತ್ತಲಿಗೆ ಹೋಗುತ್ತಿದ್ದೆ. ಮರು ವರ್ಷ ಮಳೆ ಬಿದ್ದರೂ ಹೊಲದ ಕಡೆ ಕಾಲೇಳಲಿಲ್ಲ. ಸೋಮಾರಿಯಾದ ಅಂದರು. ತಾಯತವೂ ಕಟ್ಟಿಸಿದರು.

ಯಾರೋ ಪುಣ್ಯಾತ್ಮರು ಊರಲ್ಲೇ ಗುಂಪು ಸಭೆ ಮಾಡಿಸಿದರು. ನನ್ನ ಎದುರಿಗೆ ಕೈಸಾಲ ಕೊಟ್ಟವನು, ಪಕ್ಕದಲ್ಲಿ ಬೀಗರು. ಏನಂತ ಬಾಯಿ ಬಿಡಲಿ? "ಚೆನ್ನಾಗಿದೀನಿ" ಅಂದು ಎದ್ದು ಬಂದೆ.

ಕೊನೆಗೆ ಮಗಳು ಆಸ್ಪತ್ರೆಗೆ ಕರಕೊಂಡು ಹೋದಳು. ಡಾಕ್ಟರು ಮಾತ್ರೆ ಕೊಟ್ಟು ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಬಾಗಿಲು ಹಾಕಿದ ಕೋಣೆ, ಇಬ್ಬರೇ. ಮೂರನೇ ಸಲ ಹೋದಾಗ, ಸಾಯಬೇಕು ಅನ್ನಿಸಿದ್ದನ್ನು ಹೇಳಿದೆ. ಹೆಂಡತಿಗೂ ಹೇಳಿರಲಿಲ್ಲ. ಅವರು ಇಡೀ ಸಾಲವನ್ನು ಒಂದು ಹಾಳೆಯಲ್ಲಿ ಬರೆಸಿದರು. ದಿನಕ್ಕೊಂದು ಸಣ್ಣ ಕೆಲಸ ಹೇಳಿದರು. ಇವತ್ತು ಎತ್ತಿಗೆ ನೀರು ಕುಡಿಸು, ನಾಳೆ ಒಂದು ಸಾಲು ಕಳೆ ತೆಗಿ. ನಿದ್ದೆ ಬರಲು ಎರಡು ತಿಂಗಳು ಹಿಡಿಯಿತು.

ಆಮೇಲೆ ಬೇರೆ ಬೇರೆ ಊರಿನ ಎಂಟು ಜನರ ಗುಂಪಿಗೆ ಸೇರಿಸಿದರು. ಅಲ್ಲೊಬ್ಬರು "ನಂಗೂ ಬೈಕ್ ಸದ್ದು ಕೇಳಿದ್ರೆ ಹಂಗೇ ಆಗ್ತಿತ್ತು" ಅಂದರು. ಆ ಒಂದು ಮಾತು ಯಾವ ಬುದ್ಧಿವಾದಕ್ಕೂ ಆಗದ ಕೆಲಸ ಮಾಡಿತು. ಇದು ನನ್ನ ಕೈಲಾಗದತನವಲ್ಲ, ಕಾಯಿಲೆ ಅಂತ ತಿಳೀತು.

ಎರಡಕ್ಕೂ ಆಧಾರ ಇದೆಯಂತೆ. ಸಮಾಲೋಚಕರೇ ತಿಳಿಸಿದ್ದು. 2002ರಲ್ಲಿ ಆಫ್ರಿಕಾದ ಉಗಾಂಡದ 30 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. ಅರ್ಧದಷ್ಟು ಹಳ್ಳಿಗಳಲ್ಲಿ ಗಂಡಸರು, ಹೆಂಗಸರು ಬೇರೆ ಬೇರೆ ಗುಂಪಾಗಿ ವಾರಕ್ಕೊಮ್ಮೆ, 16 ವಾರ ಕೂತರು. ನಡೆಸಿದವರು ತರಬೇತಿ ಪಡೆದ ಸ್ಥಳೀಯರು. ಗುಂಪು ಇದ್ದ ಹಳ್ಳಿಗಳಲ್ಲಿ ಖಿನ್ನತೆ ಬಹಳ ಹೆಚ್ಚು ಇಳಿಯಿತು. ನಮ್ಮ ಪಕ್ಕದ ಗೋವಾದಲ್ಲಿ ಸಮಾಲೋಚಕರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರ ಜೊತೆ ಒಬ್ಬೊಬ್ಬರಾಗಿ 6ರಿಂದ 8 ಸಲ ಕೂತರು. ಅಲ್ಲೂ ಗುಣ ಕಂಡಿತು ಎಂದು 2017ರಲ್ಲಿ ವರದಿಯಾಯಿತು.

ಗುಂಪಿನಲ್ಲಿ ಒಬ್ಬ ಸಮಾಲೋಚಕರು ಒಂದೇ ಹೊತ್ತಿಗೆ ಎಂಟು ಜನರನ್ನು ನೋಡಬಹುದು. ಸಮಾಲೋಚಕರು ಕಡಿಮೆ ಇರುವ ನಮ್ಮಲ್ಲಿ ಇದು ಸಣ್ಣ ಲಾಭವಲ್ಲ. ಹಾಗಾಗಿ ಸಂಘದವರು ಗುಂಪು ಮಾಡಲಿ, ನನ್ನ ವಿರೋಧ ಇಲ್ಲ. ಆದರೆ ಸಾಲ ಕೊಟ್ಟವರು, ತಗೊಂಡವರು ಒಂದೇ ಗುಂಪಲ್ಲಿ ಬೇಡ. ಅಲ್ಲಾಡಿದ ಮಾತು ಚಹಾದಂಗಡಿಗೆ ಹೋಗಬಾರದು. ತರಬೇತಿ ಇಲ್ಲದವರು ನಡೆಸಬಾರದು. ಸಾಯುವ ಯೋಚನೆ ಬಂದವರನ್ನು ಗುಂಪಿಗೆ ಅಂತ ಕಾಯಿಸದೆ ಅವತ್ತೇ ಡಾಕ್ಟರ ಹತ್ತಿರ ಕರಕೊಂಡು ಹೋಗಬೇಕು, ಒಂಟಿಯಾಗಿ ಬಿಡಬಾರದು.

ಹೋಗಲು ಸಂಕೋಚ ಇದ್ದವರಿಗೆ 14416 ಅಂತ ಸರ್ಕಾರದ ಟೆಲಿ ಮಾನಸ್ ಸಂಖ್ಯೆ ಇದೆ. 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಎತ್ತು ಮೇವು ಬಿಟ್ಟರೆ ಮರುದಿನವೇ ಡಾಕ್ಟರನ್ನು ಕರೆಸುತ್ತೇವೆ. ನಾನು ಅನ್ನ ಬಿಟ್ಟು ಎಂಟು ತಿಂಗಳು ಮನೇಲಿ ಕೂತೆ. ನೀವು ಹಾಗೆ ಮಾಡಬೇಡಿ.